ರಷ್ಯನ್ ಶೀರ್ಷಿಕೆಗಳಲ್ಲಿ ಕ್ಯಾಪಿಟಲ್ ಅಕ್ಷರ: ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು

ಕನ್ನಡ ಲಿಪಿಗೆ ಕ್ಯಾಪಿಟಲ್ ಅಕ್ಷರದ ಗೊಡವೆಯೇ ಇಲ್ಲ. ಹಾಗಾಗಿ ಅದರ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಶಾಲೆಯ ಇಂಗ್ಲಿಷಿನಿಂದ ಬಂದದ್ದು. ಅಲ್ಲಿ ಪುಸ್ತಕದ ಹೆಸರಿನ ಮುಖ್ಯ ಪದಗಳಿಗೆಲ್ಲ ಕ್ಯಾಪಿಟಲ್, ವಾರಕ್ಕೆ ಕ್ಯಾಪಿಟಲ್, ತಿಂಗಳಿಗೆ ಕ್ಯಾಪಿಟಲ್, ಭಾಷೆಯ ಹೆಸರಿಗೂ ಕ್ಯಾಪಿಟಲ್. ರಷ್ಯನ್ ಕಲಿಯುವವರು, ರಷ್ಯನ್ ಪುಸ್ತಕಗಳನ್ನು ಉಲ್ಲೇಖಿಸಿ ಪ್ರಬಂಧ ಬರೆಯುವವರು, ಸಾಫ್ಟ್‌ವೇರಿನ ರಷ್ಯನ್ ಆವೃತ್ತಿ ನೋಡಿಕೊಳ್ಳುವವರು ಇದೇ ರೂಢಿಯನ್ನು ಅಲ್ಲಿಗೂ ಹೊತ್ತುಕೊಂಡು ಹೋಗುತ್ತಾರೆ. ರಷ್ಯನ್ ಓದುಗರಿಗೆ ಅದು ಮೊದಲ ನೋಟಕ್ಕೇ ಕಣ್ಣಿಗೆ ಚುಚ್ಚುತ್ತದೆ.

ರಷ್ಯನ್ನಿನ ಮೂಲಸೂತ್ರ ಚಿಕ್ಕದು. ಶೀರ್ಷಿಕೆಯ ಮೊದಲ ಪದಕ್ಕೆ ಕ್ಯಾಪಿಟಲ್, ನಡುವೆ ಅಂಕಿತನಾಮ ಬಂದರೆ ಅದಕ್ಕೆ ಕ್ಯಾಪಿಟಲ್, ಮಿಕ್ಕದ್ದೆಲ್ಲ ಸಣ್ಣಕ್ಷರ. ಪದ ಎಷ್ಟು ಮುಖ್ಯ, ಎಷ್ಟು ಉದ್ದ ಎನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಅದು ಒಬ್ಬರ ಅಥವಾ ಒಂದರ ಹೆಸರೇ ಎಂಬುದಷ್ಟೇ ಪ್ರಶ್ನೆ. ತಲೆನೋವು ಇರುವುದೆಲ್ಲ ಆ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವುದರಲ್ಲಿ.

ಈ ಬರಹದಲ್ಲಿ ರಷ್ಯನ್ ಪದಗಳನ್ನು ಉಚ್ಚಾರಕ್ಕೆ ಹತ್ತಿರವಾಗಿ ಕನ್ನಡದಲ್ಲೇ ಕೊಟ್ಟಿದೆ. ರಷ್ಯನ್ನಿನಲ್ಲಿ ಕ್ಯಾಪಿಟಲ್‌ನಿಂದ ಶುರುವಾಗುವ ಪದಕ್ಕೆ ↑ ಗುರುತು ಅಂಟಿಸಿದೆ. ಗುರುತು ಇಲ್ಲದ ಪದ ಸಣ್ಣಕ್ಷರದ್ದು.

## ಮೊದಲು ಅಕ್ಷರವನ್ನು ಗುರುತಿಸಿ

ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರಕ್ಕೂ ಸಣ್ಣ ಅಕ್ಷರಕ್ಕೂ ಹಲವು ಕಡೆ ಆಕಾರವೇ ಬೇರೆ. ರಷ್ಯನ್ನಿನ 33 ಅಕ್ಷರಗಳಲ್ಲಿ ಹೆಚ್ಚಿನವು ಹಾಗಲ್ಲ. ವೇ, ಕಾ, ಎಮ್, ಎನ್, ತೇ ಅಕ್ಷರಗಳ ಸಣ್ಣ ರೂಪ ದೊಡ್ಡದರ ಪಡಿಯಚ್ಚು, ಎತ್ತರ ಮಾತ್ರ ಕಡಿಮೆ. ಆ, ಬೇ, ಯೇ ಥರದ ಕೆಲವಕ್ಕಷ್ಟೇ ಬೇರೆ ಆಕಾರವಿದೆ. ಆದ್ದರಿಂದ ಮಬ್ಬಾದ ಸ್ಕ್ಯಾನ್ ಪ್ರತಿ ನೋಡಿ ಬರೆದುಕೊಳ್ಳುವಾಗ ಒಂಟಿ ಪದವನ್ನೇ ದಿಟ್ಟಿಸಿದರೆ ಪ್ರಯೋಜನವಿಲ್ಲ. ಪಕ್ಕದ ಅಕ್ಷರಗಳ ಎತ್ತರಕ್ಕೆ ಹೋಲಿಸಿ ನೋಡಿ.

ಇಟಾಲಿಕ್‌ನಲ್ಲಿ ಇನ್ನೊಂದು ಗೊಂದಲ. ಸಣ್ಣ ತೇ ಅಕ್ಷರ ಇಂಗ್ಲಿಷಿನ ಸಣ್ಣ ಎಮ್‌ನಂತೆಯೂ, ಸಣ್ಣ ಪೇ ಇಂಗ್ಲಿಷಿನ ಸಣ್ಣ ಎನ್‌ನಂತೆಯೂ ಕಾಣುತ್ತದೆ. ಇವನ್ನು ಬೇರೆ ಅಕ್ಷರಗಳೆಂದುಕೊಂಡು ಟೈಪ್ ಮಾಡಿದರೆ ಕ್ಯಾಪಿಟಲ್ ಸರಿಯಾಗಿದ್ದೂ ಪದವೇ ಕೆಡುತ್ತದೆ.

ಗಡಸು ಚಿಹ್ನೆ, ಮೃದು ಚಿಹ್ನೆ ಎಂಬ ಸ್ವಂತ ಉಚ್ಚಾರವಿಲ್ಲದ ಎರಡು ಅಕ್ಷರಗಳು ಮತ್ತು ವರ್ಣಮಾಲೆಯಲ್ಲಿ ಇವೆರಡರ ನಡುವೆ ಬರುವ ಸ್ವರ, ಈ ಮೂರರಿಂದ ರಷ್ಯನ್ನಿನ ಸ್ವಂತ ಪದಗಳು ಶುರುವಾಗುವುದಿಲ್ಲ. ಇವುಗಳ ದೊಡ್ಡ ರೂಪ ಕಂಡರೆ ಇಡೀ ಸಾಲೇ ಕ್ಯಾಪಿಟಲ್‌ನಲ್ಲಿದೆ ಎಂದು ತಿಳಿಯಿರಿ.

## ಪುಸ್ತಕ, ಸಿನಿಮಾ, ಪತ್ರಿಕೆಯ ಹೆಸರು ಬರೆಯುವ ಕ್ರಮ

ಹೆಜ್ಜೆ 1. ಇಡೀ ಶೀರ್ಷಿಕೆಯನ್ನು ಸಣ್ಣಕ್ಷರದಲ್ಲಿ ಬರೆದುಕೊಳ್ಳಿ. ಕ್ಯಾಪಿಟಲ್‌ಗಳನ್ನು ತೆಗೆಯುತ್ತ ಹೋಗುವುದಕ್ಕಿಂತ ಬೇಕಾದಲ್ಲಿ ಹಾಕುತ್ತ ಹೋಗುವುದರಲ್ಲಿ ತಪ್ಪು ಕಡಿಮೆ.

ಹೆಜ್ಜೆ 2. ಮೊದಲ ಪದದ ಮೊದಲ ಅಕ್ಷರವನ್ನು ದೊಡ್ಡದು ಮಾಡಿ, ಅದು ಎಂಥ ಪದವೇ ಆಗಿರಲಿ. ಟಾಲ್‌ಸ್ಟಾಯ್ ಕಾದಂಬರಿ «↑ವೊಯ್ನಾ ಇ ಮಿರ್», ಅಂದರೆ ಯುದ್ಧ ಮತ್ತು ಶಾಂತಿ. ದಾಸ್ತೋವ್‌ಸ್ಕಿಯ ಕಾದಂಬರಿ «↑ಪ್ರೆಸ್ತುಪ್ಲೇನಿಯೆ ಇ ನಕಜಾನಿಯೆ». ತುರ್ಗೇನೆವ್‌ನದು «↑ಅತ್ಸೀ ಇ ದೇತಿ». ಯುದ್ಧಕ್ಕೆ ಕ್ಯಾಪಿಟಲ್ ಸಿಕ್ಕಿ ಶಾಂತಿಗೆ ಸಿಗಲಿಲ್ಲವೆಂದು ಕೈ ತುರಿಸಿದರೂ ಹಾಗೇ ಬಿಡಿ.

ಮೊದಲ ಪದ ಒಂದೇ ಅಕ್ಷರದ್ದಾದಾಗ ಎಡವುವವರು ಹೆಚ್ಚು. ಸೊಲ್ಜೆನಿತ್ಸಿನ್‌ನ «↑ವ್ ಕ್ರೂಗೆ ಪೇರ್ವಮ್»ನಲ್ಲಿ ಮೊದಲನೆಯದು ಬರೀ ಒಂದು ವಿಭಕ್ತಿಸೂಚಕ ಪದ. ಕ್ಯಾಪಿಟಲ್ ಸಲ್ಲುವುದು ಅದಕ್ಕೇ, ಅದರ ಮುಂದಿನ ನಾಮಪದಕ್ಕಲ್ಲ. 1972ರ ಚಿತ್ರ «↑ಅ ಜೋರಿ ಜ್ದೇಸ್ ತೀಖಿಯೆ…»ಯಲ್ಲೂ ಹಾಗೆಯೇ, ‘ಅ’ ಎಂಬ ಪುಟ್ಟ ಅವ್ಯಯ ದೊಡ್ಡದು, ಮಿಕ್ಕ ಮೂರೂ ಸಣ್ಣವು.

ಹೆಜ್ಜೆ 3. ಅಂಕಿತನಾಮಗಳನ್ನು ಹುಡುಕಿ ಒಂದೊಂದನ್ನೂ ದೊಡ್ಡದು ಮಾಡಿ. ಇದನ್ನು ಅವಸರದಲ್ಲಿ ಮಾಡಬೇಡಿ. «↑ಆನ್ನಾ ↑ಕರೇನಿನಾ»ದಲ್ಲಿ ಎರಡೂ ಹೆಸರು, ಎರಡೂ ದೊಡ್ಡವು. «↑ಮಾಸ್ತೆರ್ ಇ ↑ಮರ್ಗರೀತಾ»ದಲ್ಲಿ ಮಾಸ್ತೆರ್ ದೊಡ್ಡದಾದದ್ದು ಮೊದಲ ಪದವೆಂದು, ಮರ್ಗರೀತಾ ದೊಡ್ಡದಾದದ್ದು ಹೆಸರೆಂದು. ಶೋಲೊಖೊವ್‌ನ «↑ತೀಖಿಯ್ ↑ದೋನ್»ನಲ್ಲಿ ದೋನ್ ನದಿಯ ಹೆಸರು. ಆದರೆ ಪುಷ್ಕಿನ್‌ನ «↑ಮೇದ್ನಿಯ್ ವ್ಸಾದ್ನಿಕ್»ನಲ್ಲಿ ಎರಡನೆಯ ಪದಕ್ಕೆ ಸವಾರ ಎಂದಷ್ಟೇ ಅರ್ಥ, ಹಾಗಾಗಿ ಅದು ಸಣ್ಣದು.

ಕಥೆಯ ಪಾತ್ರದ ಹೆಸರೇ ಎರಡು ಪದಗಳದ್ದಾಗಿದ್ದರೆ ಲೆಕ್ಕ ತಿರುಗುತ್ತದೆ. ಕೆಂಪು ಟೋಪಿಯ ಹುಡುಗಿ ರಷ್ಯನ್ನಿನಲ್ಲಿ ↑ಕ್ರಾಸ್ನಯಾ ↑ಶಾಪಚ್ಕಾ. ಶಾಪಚ್ಕಾ ಎಂದರೆ ಪುಟ್ಟ ಟೋಪಿಯೇ ಆದರೂ ಇಲ್ಲಿ ಅದು ಹುಡುಗಿಯ ಹೆಸರಿನ ಭಾಗ, ಆದ್ದರಿಂದ ದೊಡ್ಡದು. ಹೊಸ ವರ್ಷಕ್ಕೆ ಉಡುಗೊರೆ ತರುವ ↑ದೇದ್ ↑ಮರೋಸ್‌ಗೂ ಎರಡು ಕ್ಯಾಪಿಟಲ್. ಅದೇ ಬೂಟು ತೊಟ್ಟ ಬೆಕ್ಕಿನ ಕಥೆ «↑ಕೋತ್ ವ್ ಸಪಗಾಖ್»ನಲ್ಲಿ ಬೂಟಿಗೆ ಕ್ಯಾಪಿಟಲ್ ಇಲ್ಲ.

ಊರು, ಪ್ರಾಂತಗಳ ಹೆಸರಿನಲ್ಲಿ ವಿಶೇಷಣ ದೊಡ್ಡದು, ‘ಜಿಲ್ಲೆ’, ‘ಸಮುದ್ರ’, ‘ಬೀದಿ’ ಎನ್ನುವ ಜಾತಿವಾಚಕ ಸಣ್ಣದು. ಲೆಸ್ಕೊವ್‌ನ ಕಥೆ «↑ಲೇದಿ ↑ಮಾಕ್ಬೆತ್ ↑ಮ್ತ್ಸೇನ್ಸ್ಕವ ಉಯೇಜ್ದಾ»ವನ್ನೇ ನೋಡಿ. ಲೇದಿ ಮೊದಲ ಪದ, ಮಾಕ್ಬೆತ್ ಹೆಸರು, ಮ್ತ್ಸೇನ್ಸ್ಕವ ಒಂದು ನಿರ್ದಿಷ್ಟ ಜಿಲ್ಲೆಯ ಹೆಸರಿನ ಭಾಗ, ಉಯೇಜ್ದಾ ಅಂದರೆ ಬರೀ ಜಿಲ್ಲೆ. ನಾಲ್ಕು ಪದ, ಮೂರು ಕ್ಯಾಪಿಟಲ್, ಒಂದೊಂದಕ್ಕೂ ಬೇರೆ ಕಾರಣ. ಈ ಒಂದು ಶೀರ್ಷಿಕೆ ಅರ್ಥವಾದರೆ ಅರ್ಧ ವ್ಯಾಕರಣ ಕೈಗೆ ಬಂದಂತೆ.

ಇಷ್ಟು ಕಲಿತವರೂ ಜಾರುವುದು ಭಾಷೆ ಮತ್ತು ಜನಾಂಗದ ಹೆಸರುಗಳಲ್ಲಿ. ರಷ್ಯನ್ನಿನಲ್ಲಿ ಇವು ಅಂಕಿತನಾಮಗಳಲ್ಲ. ‘ರೂಸ್ಕಿಯ್’ ಎಂಬ ಪದವೇ ಸಣ್ಣಕ್ಷರದ್ದು. ‘ಇಂದಿಯ್ಸ್ಕಿಯ್’, ಅಂದರೆ ಭಾರತೀಯ, ಅದೂ ಸಣ್ಣದು. ವಾರ, ತಿಂಗಳುಗಳೂ ಸಣ್ಣವು. ಕನ್ನಡ ವ್ಯಾಕರಣದ ಬಗ್ಗೆ ರಷ್ಯನ್ನಿನಲ್ಲಿ ಪುಸ್ತಕ ಬರೆದರೆ ಅದರ ಹೆಸರು «↑ಗ್ರಮ್ಮಾತಿಕಾ ಯಜಿಕಾ ಕನ್ನಡಾ» ಎಂದಾಗಬೇಕು. ನಮ್ಮ ನುಡಿಗೆ ಅಲ್ಲಿ ಸಣ್ಣಕ್ಷರವೇ. ಬೇಸರ ಬೇಡ, ಅವರು ತಮ್ಮದನ್ನೂ ಹಾಗೇ ಬರೆದುಕೊಳ್ಳುತ್ತಾರೆ. ↑ಕರ್ನಾತಕಾ, ↑ಬಂಗಲೋರ್ ಮಾತ್ರ ಸ್ಥಳನಾಮಗಳಾದ್ದರಿಂದ ದೊಡ್ಡವು.

ಹೆಜ್ಜೆ 4. ‘ಇಲಿ’, ಅಂದರೆ ‘ಅಥವಾ’, ಇದೆಯೇ ನೋಡಿ. ಎರಡು ಶೀರ್ಷಿಕೆಗಳನ್ನು ಅದು ಜೋಡಿಸುತ್ತಿದ್ದರೆ ಹಿಂದೆ ಅಲ್ಪವಿರಾಮ ಬೇಕು, ‘ಇಲಿ’ ಸಣ್ಣದಿರಬೇಕು, ಅದರ ನಂತರದ ಪದ ಮತ್ತೆ ದೊಡ್ಡದಾಗಬೇಕು. ಎರಡನೆಯದೂ ಸ್ವತಂತ್ರ ಶೀರ್ಷಿಕೆ ಎಂಬುದು ಇದರ ಹಿಂದಿನ ತರ್ಕ. ಬುರತೀನೊ ಎಂಬ ಮರದ ಗೊಂಬೆಯ ಕಥೆ «↑ಜಲತೋಯ್ ಕ್ಲ್ಯೂಚಿಕ್, ಇಲಿ ↑ಪ್ರಿಕ್ಲ್ಯುಚೇನಿಯಾ ↑ಬುರತೀನೊ». ಹೊಸ ವರ್ಷದ ಹಿಂದಿನ ರಾತ್ರಿ ರಷ್ಯದ ಟೀವಿಗಳಲ್ಲಿ ತಪ್ಪದೆ ಬರುವ ಚಿತ್ರ «↑ಇರೋನಿಯಾ ಸುದ್ಬೀ, ಇಲಿ ↑ಸ್ ಲ್ಯೋಖ್ಕಿಮ್ ಪಾರಮ್!». ಇದರ ಎರಡನೆಯ ಭಾಗ ಶುರುವಾಗುವುದೂ ಒಂದೇ ಅಕ್ಷರದ ಪದದಿಂದ, ಕ್ಯಾಪಿಟಲ್ ಅದರ ಮೇಲೇ ಕೂರುತ್ತದೆ.

ಹೆಜ್ಜೆ 5. ಉದ್ಧರಣ ಚಿಹ್ನೆ ಹಾಕಿ. ಶೀರ್ಷಿಕೆ ಎಲ್ಲಿ ಶುರು, ಎಲ್ಲಿ ಮುಕ್ತಾಯ ಎಂದು ಹೇಳಲು ರಷ್ಯನ್ನಿಗೆ ಕ್ಯಾಪಿಟಲ್‌ಗಳ ಸಾಲು ಬೇಕಿಲ್ಲ, ಆ ಕೆಲಸವನ್ನು « » ಚಿಹ್ನೆಗಳು ಮಾಡುತ್ತವೆ. ಒಳಗೆ ಇನ್ನೊಂದು ಉದ್ಧರಣ ಬಂದರೆ „ “ ಬಳಸಿ. ಶೀರ್ಷಿಕೆಗೇ ಸೇರಿದ ಪ್ರಶ್ನಾರ್ಥಕ, ಆಶ್ಚರ್ಯಸೂಚಕಗಳು ಚಿಹ್ನೆಯ ಒಳಗಿರಲಿ. ವಾಕ್ಯದ ಪೂರ್ಣವಿರಾಮ ಹೊರಗಿರಲಿ.

ವಾಕ್ಯದಲ್ಲಿ ಬಳಸುವಾಗ ‘ಕಾದಂಬರಿ’, ‘ಚಿತ್ರ’ ಎಂಬ ಪದ ಮುಂದಿದ್ದರೆ ಶೀರ್ಷಿಕೆ ಬದಲಾಗದೆ ನಿಲ್ಲುತ್ತದೆ. ಆ ಪದ ಇಲ್ಲದಿದ್ದರೆ ಶೀರ್ಷಿಕೆಗೇ ವಿಭಕ್ತಿ ಹತ್ತುತ್ತದೆ: ವ್ «↑ವಯ್ನೇ ಇ ಮೀರೆ». ಕೊನೆಯ ಅಕ್ಷರಗಳು ಬದಲಾದರೂ ಕ್ಯಾಪಿಟಲ್ ಇದ್ದಲ್ಲಿಂದ ಕದಲುವುದಿಲ್ಲ.

ಪತ್ರಿಕೆಗಳಿಗೂ ಇದೇ ಕ್ರಮ: «↑ನೋವಿಯ್ ಮಿರ್», «↑ನಔಕಾ ಇ ಝೀಜ್ನ್», «↑ಕಮ್ಸಮೋಲ್ಸ್ಕಯಾ ಪ್ರಾವ್ದಾ». ಸೋವಿಯತ್ ಕಾಲದ ಕನ್ನಡ ಅನುವಾದಗಳ ಮೂಲಕ ನಮ್ಮಲ್ಲಿ ಹೆಸರಾದ ಮಾಸ್ಕೋ ಪ್ರಕಾಶನಗಳು «↑ಮಿರ್», «↑ಪ್ರಗ್ರೇಸ್», «↑ರಾದುಗಾ». ಇವೂ ಉದ್ಧರಣದೊಳಗೆ, ಮುಂದೆ ಬರುವ ‘ಇಜ್ದಾತೆಲ್ಸ್ತ್ವೊ’ ಎಂಬ ಪದ ಸಣ್ಣದು. ಬೈಬಲ್, ಕುರಾನ್‌ಗಳಿಗೆ ಕ್ಯಾಪಿಟಲ್ ಉಂಟು, ಉದ್ಧರಣ ಚಿಹ್ನೆ ಇಲ್ಲ.

ಇಂಗ್ಲಿಷ್ ಕೃತಿ ರಷ್ಯನ್ನಿಗೆ ಅನುವಾದವಾದರೆ ಮೂಲದ ಕ್ಯಾಪಿಟಲ್‌ಗಳಿಗೆ ಬೆಲೆಯಿಲ್ಲ. ಹ್ಯಾರಿ ಪಾಟರ್ ಸರಣಿಯ ಮೊದಲ ಪುಸ್ತಕ ಅಲ್ಲಿ «↑ಗಾರ್ರಿ ↑ಪೋತ್ತೆರ್ ಇ ಫಿಲಸೋಫ್ಸ್ಕಿಯ್ ಕಾಮೆನ್». ಹುಡುಗನ ಹೆಸರು ದೊಡ್ಡದು, ಕಲ್ಲು ಸಣ್ಣದು.

## ಒಂದು ಪ್ರಯೋಗ

15ನೇ ಶತಮಾನದಲ್ಲಿ ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್ ಬಹಮನಿಗಳ ರಾಜಧಾನಿ ಬೀದರಿಗೆ ಬಂದು ಕಂಡದ್ದನ್ನು ಬರೆದಿಟ್ಟ. ಆ ಪ್ರವಾಸ ಕಥನದ ಹೆಸರು «↑ಖೊಝ್ದೇನಿಯೆ ಜಾ ತ್ರಿ ಮೋರ್ಯಾ», ಮೂರು ಸಮುದ್ರಗಳಾಚೆಗಿನ ಪಯಣ. ಇದನ್ನೇ ಆಧರಿಸಿ ಸೋವಿಯತ್ ಒಕ್ಕೂಟ ಮತ್ತು ಭಾರತ ಜಂಟಿಯಾಗಿ 1957ರಲ್ಲಿ ತೆಗೆದ ಚಿತ್ರ ಹಿಂದಿಯಲ್ಲಿ ‘ಪರದೇಸಿ’, ರಷ್ಯನ್ನಿನಲ್ಲಿ ಪುಸ್ತಕದ್ದೇ ಹೆಸರು. ಸಮುದ್ರಗಳು ಮೂರಿದ್ದರೂ ಯಾವುದನ್ನೂ ಹೆಸರಿಸಿಲ್ಲ, ಆದ್ದರಿಂದ ಮೊದಲ ಪದಕ್ಕೊಂದೇ ಕ್ಯಾಪಿಟಲ್. ಕಪ್ಪು ಸಮುದ್ರವೆಂದು ಹೆಸರಿಸಿದ್ದರೆ ↑ಚ್ಯೋರ್ನಯೆ ಮೋರೆ ಎಂದಾಗುತ್ತಿತ್ತು; ಆಗಲೂ ಸಮುದ್ರ ಸಣ್ಣದೇ.

ಈಗ ಕಲಬುರಗಿಯ ವಿದ್ಯಾರ್ಥಿಯೊಬ್ಬರು ಇದರ ಬಗ್ಗೆ ರಷ್ಯನ್ನಿನಲ್ಲಿ ಲೇಖನ ಬರೆಯುತ್ತಾರೆಂದು ಇಟ್ಟುಕೊಳ್ಳೋಣ. ‘ನಿಕಿತಿನ್‌ನ ಟಿಪ್ಪಣಿಗಳಲ್ಲಿ ಭಾರತದ ಬೀದರ್ ನಗರ’ ಎಂಬುದು ↑ಇಂದಿಯ್ಸ್ಕಿಯ್ ಗೋರದ್ ↑ಬಿದಾರ್ ವ್ ಜಪೀಸ್ಕಾಖ್ ↑ಅಫನಾಸಿಯಾ ↑ನಿಕೀತಿನಾ ಎಂದಾಗುತ್ತದೆ. ‘ಇಂದಿಯ್ಸ್ಕಿಯ್’ ದೊಡ್ಡದಾದದ್ದು ಮೊದಲಲ್ಲಿ ನಿಂತ ಭಾಗ್ಯದಿಂದ ಮಾತ್ರ. ಶೀರ್ಷಿಕೆ ತಿರುಗಿಸಿ ‘ಬೀದರ್ ನಗರ ಮತ್ತು ಭಾರತದ ವ್ಯಾಪಾರಿಗಳು’ ಎಂದು ಮಾಡಿದರೆ ↑ಗೋರದ್ ↑ಬಿದಾರ್ ಇ ಇಂದಿಯ್ಸ್ಕಿಯೆ ಕುಪ್ತ್ಸೀ. ಈಗ ನಗರವೆಂಬ ಸಾಮಾನ್ಯ ಪದ ಮೇಲೇರಿತು, ಭಾರತೀಯ ಎಂಬ ವಿಶೇಷಣ ಕೆಳಗಿಳಿಯಿತು, ಬೀದರ್ ಎರಡರಲ್ಲೂ ದೊಡ್ಡದಾಗೇ ಉಳಿಯಿತು. ಶೀರ್ಷಿಕೆಯ ಪದಕ್ರಮ ಬದಲಿಸಿದಾಗಲೆಲ್ಲ ಹೆಜ್ಜೆ 1ರಿಂದ ಮತ್ತೆ ಹೊರಡಿ. ಹಳೆಯ ಕ್ಯಾಪಿಟಲ್ ನಡುವೆ ಸಿಕ್ಕಿಕೊಂಡು ಉಳಿಯುವುದು ತೀರ ಸಾಮಾನ್ಯ.

## ಸಂಸ್ಥೆ, ಹಬ್ಬ, ಪದವಿ

ಸಂಸ್ಥೆಗಳ ಹೆಸರಿಗೂ ಮೊದಲ ಪದ ಮತ್ತು ಅಂಕಿತನಾಮಗಳ ಸೂತ್ರವೇ. ↑ಬಲ್ಶೋಯ್ ತೆಆತ್ರ್. ↑ರಸ್ಸೀಯ್ಸ್ಕಯಾ ಅಕದೇಮಿಯಾ ನಔಕ್. 1755ರಲ್ಲಿ ಶುರುವಾದ ಮಾಸ್ಕೋ ವಿಶ್ವವಿದ್ಯಾಲಯದ ಪೂರ್ಣ ಹೆಸರು ಅಷ್ಟುದ್ದ ಇದ್ದರೂ ಕ್ಯಾಪಿಟಲ್ ಇರುವುದು ಮೊದಲ ಪದ ↑ಮಸ್ಕೋಫ್ಸ್ಕಿಯ್‌ಗೆ ಮತ್ತು ಕೊನೆಯಲ್ಲಿ ಬರುವ ಲಮನೋಸವ್ ಎಂಬ ವ್ಯಕ್ತಿನಾಮ, ಅದರ ಇನಿಶಿಯಲ್‌ಗಳಿಗೆ. ವಿಶ್ವಸಂಸ್ಥೆ ಅಪವಾದ: ↑ಅರ್ಗನಿಜಾತ್ಸಿಯಾ ↑ಅಬ್ಯೆದಿನ್ಯೋನ್ನಿಖ್ ↑ನಾತ್ಸಿಯ್, ಮೂರೂ ದೊಡ್ಡವು. ದೇಶಗಳ ಅಧಿಕೃತ ಹೆಸರಿನಲ್ಲೂ ಪದಗಳೆಲ್ಲ ದೊಡ್ಡವು: ↑ರಸ್ಸೀಯ್ಸ್ಕಯಾ ↑ಫೆದೆರಾತ್ಸಿಯಾ, ↑ರೆಸ್ಪೂಬ್ಲಿಕಾ ↑ಇಂದಿಯಾ. ರಷ್ಯದ ಸಂಸತ್ತಿನ ಕೆಳಮನೆಯನ್ನು ನಿಘಂಟು ↑ಗಸುದಾರ್ಸ್ತ್ವೆನ್ನಯಾ ದೂಮಾ ಎಂದು ಬರೆದರೆ ಸಂವಿಧಾನ ದೂಮಾವನ್ನೂ ದೊಡ್ಡದಾಗಿ ಬರೆಯುತ್ತದೆ. ಲೇಖನಕ್ಕೆ ನಿಘಂಟು ನೋಡಿ, ಕಾನೂನು ದಾಖಲೆಯ ಅನುವಾದಕ್ಕೆ ಸಂವಿಧಾನ ನೋಡಿ.

ಹಬ್ಬಗಳದು ಸ್ವಲ್ಪ ಕಿರಿಕಿರಿ. ಹೊಸ ವರ್ಷ ↑ನೋವಿಯ್ ಗೋದ್, ಒಂದೇ ಕ್ಯಾಪಿಟಲ್. ಮೇ 9ರ ವಿಜಯ ದಿನ ↑ದೇನ್ ↑ಪಬೇದಿ, ಎರಡು. ಮಾರ್ಚ್ 8ರ ಮಹಿಳಾ ದಿನವನ್ನು ಅಕ್ಷರದಲ್ಲಿ ಬರೆದರೆ ↑ವಸ್ಮೋಯೆ ಮಾರ್ತಾ, ಅಂಕಿಯಲ್ಲಿ ಬರೆದರೆ 8 ↑ಮಾರ್ತಾ. ಅಂಕಿ ದೊಡ್ಡದಾಗಲು ಸಾಧ್ಯವಿಲ್ಲದ್ದರಿಂದ ಆ ಮರ್ಯಾದೆ ಪಕ್ಕದ ಪದಕ್ಕೆ ದಾಟುತ್ತದೆ. ಹಬ್ಬವಲ್ಲದ ಬರೀ ತಾರೀಖಾದರೆ ಮತ್ತೆ ಸಣ್ಣದು.

ಹುದ್ದೆಗಳ ವಿಷಯದಲ್ಲಿ ನಮ್ಮವರು ಎಡವುವುದು ಗೌರವದ ಹೆಸರಿನಲ್ಲಿ. ರಷ್ಯನ್ನಿನಲ್ಲಿ ಹುದ್ದೆಗೆ ಕ್ಯಾಪಿಟಲ್ ಹಾಕುವುದು ಮರ್ಯಾದೆಯ ಗುರುತಲ್ಲ. ರೆಕ್ಟರ್, ಡೈರೆಕ್ಟರ್, ಮಂತ್ರಿ, ಪ್ರೊಫೆಸರ್, ಮಹಾರಾಜ ಎಲ್ಲವೂ ಸಣ್ಣಕ್ಷರ. ‘ಶ್ರೀ’ಗೆ ಸಮನಾದ ‘ಗಸ್ಪದೀನ್’ ಕೂಡ ಸಣ್ಣದೇ. ಪತ್ರಿಕೆಯಲ್ಲಿ ‘ಪ್ರೆಜಿದೇನ್ತ್’ ಸಣ್ಣದು. ಸರ್ಕಾರಿ ದಾಖಲೆಯಲ್ಲಿ ರಾಷ್ಟ್ರಾಧ್ಯಕ್ಷ, ಪ್ರಧಾನಿಯಂಥ ಅತ್ಯುನ್ನತ ಸ್ಥಾನಗಳ ಪೂರ್ಣ ಹೆಸರಿಗೆ ಕ್ಯಾಪಿಟಲ್ ಸಿಗುತ್ತದೆ. ಕಂಪನಿ ಪತ್ರಗಳಲ್ಲಿ ↑ಗೆನೆರಾಲ್ನಿಯ್ ↑ದಿರೇಕ್ತರ್ ಎಂದು ಎರಡೂ ದೊಡ್ಡದಾಗಿ ಬರೆಯುವ ಚಟ ರಷ್ಯದಲ್ಲೂ ಇದೆ. ಅದು ತಪ್ಪೇ, ಅವರನ್ನು ನೋಡಿ ಕಲಿಯಬೇಡಿ. ಗೌರವ ತೋರಿಸಲೇಬೇಕಿದ್ದರೆ ಅದಕ್ಕೆ ಸರಿಯಾದ ಜಾಗ ಬೇರೆ ಇದೆ: ಒಬ್ಬರೇ ವ್ಯಕ್ತಿಗೆ ಬರೆಯುವ ಪತ್ರದಲ್ಲಿ ‘ತಾವು’ ಎಂಬರ್ಥದ ↑ವೀ ಸರ್ವನಾಮವನ್ನು ದೊಡ್ಡದಾಗಿ ಬರೆಯಿರಿ. ಹಲವರನ್ನು ಉದ್ದೇಶಿಸಿದ್ದರೆ ಅದೂ ಸಣ್ಣದು.

ಬಿರುದುಗಳಲ್ಲಿ 1984ರಲ್ಲಿ ರಾಕೇಶ್ ಶರ್ಮಾ ಪಡೆದ ↑ಗೆರೋಯ್ ↑ಸವೇತ್ಸ್ಕವ ↑ಸಯೂಜಾ ಪೂರ್ತಿ ದೊಡ್ಡದು. ಪದಕಗಳಲ್ಲಿ ‘ಓರ್ದೆನ್’ ಪದ ಸಣ್ಣದು, ಹೆಸರು ದೊಡ್ಡದು: ಓರ್ದೆನ್ ↑ದ್ರೂಝ್ಬಿ. ನೊಬೆಲ್ ಪ್ರಶಸ್ತಿ ↑ನೋಬೆಲೆಫ್ಸ್ಕಯಾ ಪ್ರೇಮಿಯಾ.

## ಮುಖಪುಟದಿಂದ ಇಳಿಸಿಕೊಳ್ಳುವಾಗ

ಹಳೆಯ ಪುಸ್ತಕಗಳ ಹೊದಿಕೆಯಲ್ಲಿ ಹೆಸರು ಪೂರ್ತಿ ಕ್ಯಾಪಿಟಲ್‌ನಲ್ಲಿರುತ್ತದೆ. ಅದು ಅಲಂಕಾರ, ಅದನ್ನು ಉಲ್ಲೇಖದಲ್ಲಿ ನಕಲು ಮಾಡಬಾರದು. ಪುಸ್ತಕದ ಪ್ರಕಾಶನ ವಿವರದ ಪುಟದಲ್ಲಿ ಗ್ರಂಥಸೂಚಿ ನಮೂದು ಇದ್ದರೆ ಅದನ್ನೇ ನೋಡಿ. ಅಲ್ಲಿ ಅಕ್ಷರಗಳು ನಿಯಮದಂತೆ ಇಳಿದಿರುತ್ತವೆ. ಕ್ಯಾಪಿಟಲ್ ಸಾಲುಗಳಲ್ಲಿ ಯೋ ಅಕ್ಷರದ ಮೇಲಿನ ಎರಡು ಚುಕ್ಕಿಗಳನ್ನು ಹಲವರು ಬಿಡುತ್ತಾರೆ. ಗೋಗೊಲ್‌ನ «↑ಮ್ಯೋರ್ತ್ವಿಯೆ ದೂಶಿ»ಯನ್ನು ಕ್ಯಾಟಲಾಗ್‌ನಲ್ಲಿ ಹುಡುಕುವಾಗ ಚುಕ್ಕಿ ಇಟ್ಟೂ, ಬಿಟ್ಟೂ ನೋಡಿ.

ರಷ್ಯದ ಗ್ರಂಥಸೂಚಿ ಮಾನಕದಂತೆ ಪಟ್ಟಿ ಮಾಡುವಾಗ ಶೀರ್ಷಿಕೆಗೆ ಉದ್ಧರಣ ಚಿಹ್ನೆ ಬೇಡ. ಶೀರ್ಷಿಕೆಯ ನಂತರ ಎರಡೂ ಬದಿ ಜಾಗ ಬಿಟ್ಟು ವಿವರಣ ಚಿಹ್ನೆ ಹಾಕಿ, ಮುಂದಿನ ವಿವರವನ್ನು ಸಣ್ಣಕ್ಷರದಿಂದ ಶುರುಮಾಡಿ: ↑ವೊಯ್ನಾ ಇ ಮಿರ್ : ರಮಾನ್. ಇಂಗ್ಲಿಷ್ ಪ್ರಬಂಧದಲ್ಲಿ ರಷ್ಯನ್ ಶೀರ್ಷಿಕೆಯನ್ನು ರೋಮನ್ ಲಿಪಿಗೆ ತಿರುಗಿಸಿ ಬರೆಯುವಾಗಲೂ ರಷ್ಯನ್ ಸೂತ್ರವೇ ನಡೆಯಲಿ. ಶಿಕಾಗೋ ಶೈಲಿ ಕೈಪಿಡಿಯೂ ಹೀಗೇ ಹೇಳುತ್ತದೆ. ಪಕ್ಕದಲ್ಲಿ ಕೊಡುವ ಇಂಗ್ಲಿಷ್ ಅನುವಾದಕ್ಕೆ ನಿಮ್ಮ ವಿಭಾಗದ ಇಂಗ್ಲಿಷ್ ರೂಢಿ ಅನುಸರಿಸಿ.

## ಕಂಪ್ಯೂಟರ್ ಎಲ್ಲಿ ಕೆಡಿಸುತ್ತದೆ

ವರ್ಡ್‌ನಲ್ಲಿ ಶಿಫ್ಟ್ ಮತ್ತು ಎಫ್3 ಒಟ್ಟಿಗೆ ಒತ್ತಿದರೆ ಅಕ್ಷರಗಳ ಗಾತ್ರ ಸರದಿಯಂತೆ ಬದಲಾಗುತ್ತದೆ. ಪೂರ್ತಿ ಕ್ಯಾಪಿಟಲ್ ಸಾಲನ್ನು ಇಳಿಸಲು ಇದು ಒಳ್ಳೆಯದು, ಆದರೆ ತಂತ್ರಾಂಶಕ್ಕೆ ದೋನ್ ನದಿಯೆಂದು ಗೊತ್ತಿಲ್ಲ. ಇಳಿಸಿದ ಮೇಲೆ ಅಂಕಿತನಾಮಗಳನ್ನು ಕೈಯಾರೆ ಎತ್ತಿ. ಎಕ್ಸೆಲ್‌ನ ಪ್ರಾಪರ್ ಫಂಕ್ಷನ್ ಹತ್ತಿರವೂ ಹೋಗಬೇಡಿ. ಅದು ಪ್ರತಿ ಪದಕ್ಕೂ ಕ್ಯಾಪಿಟಲ್ ಏರಿಸುವುದಲ್ಲದೆ, ಮಾಸ್ಕೋ ವಿಶ್ವವಿದ್ಯಾಲಯದ ಎಮ್-ಗೇ-ಉ ಸಂಕ್ಷೇಪದಲ್ಲಿ ಮೊದಲ ಅಕ್ಷರ ಬಿಟ್ಟು ಉಳಿದೆರಡನ್ನು ಸಣ್ಣದು ಮಾಡಿಬಿಡುತ್ತದೆ.

ಬಟನ್, ಮೆನುಗಳ ಬರಹಕ್ಕೂ ಮೊದಲ ಪದದ ಸೂತ್ರವೇ. ‘ಹೀಗೆ ಉಳಿಸು’ ಎನ್ನುವ ಆಯ್ಕೆ ↑ಸಖ್ರನೀತ್ ಕಾಕ್. ಇಂಗ್ಲಿಷ್ ಮೆನುವಿನ ಎರಡೂ ಕ್ಯಾಪಿಟಲ್‌ಗಳನ್ನು ರಷ್ಯನ್ನಿಗೆ ಇಳಿಸಿದ್ದು ಕಂಡರೆ ದೋಷವೆಂದು ದಾಖಲಿಸಿ.

ಇನ್ನೊಂದು ಕಣ್ಣಿಗೆ ಕಾಣದ ತೊಂದರೆ. ಆ, ವೇ, ಕಾ, ಎಮ್, ತೇ ಮುಂತಾದ ಹಲವು ದೊಡ್ಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳಂತೆಯೇ ಕಾಣುತ್ತವೆ, ಯೂನಿಕೋಡ್‌ನಲ್ಲಿ ಮಾತ್ರ ಸ್ಥಾನ ಬೇರೆ. ರಷ್ಯನ್ ದೊಡ್ಡ ಆ ಇರುವುದು 0410ರಲ್ಲಿ, ಇಂಗ್ಲಿಷಿನದು 0041ರಲ್ಲಿ. ಮೊದಲಕ್ಷರವನ್ನು ಇಂಗ್ಲಿಷ್ ಕೀಲಿಮಣೆಯಲ್ಲಿ ಒತ್ತಿ ಆಮೇಲೆ ರಷ್ಯನ್ನಿಗೆ ಬದಲಾಯಿಸಿಕೊಂಡರೆ ಶೀರ್ಷಿಕೆ ನೋಡಲು ಸರಿ, ಹುಡುಕಾಟದಲ್ಲಿ ಸಿಗುವುದೇ ಇಲ್ಲ. ಅನುಮಾನ ಬಂದರೆ ಆ ಅಕ್ಷರವನ್ನು ಅಳಿಸಿ ರಷ್ಯನ್ ಕೀಲಿಮಣೆಯಲ್ಲೇ ಮತ್ತೆ ಒತ್ತಿ.

« ಬೇಕಿದ್ದರೆ ವಿಂಡೋಸ್‌ನಲ್ಲಿ ಆಲ್ಟ್ ಹಿಡಿದು ಬಲಗಡೆಯ ಅಂಕಿ ಕೀಲಿಗಳಲ್ಲಿ 0171, » ಬೇಕಿದ್ದರೆ 0187. ಯೋ ಅಕ್ಷರ ರಷ್ಯನ್ ಕೀಲಿಮಣೆಯ ಎಡ ಮೂಲೆಯಲ್ಲಿ, 1ರ ಪಕ್ಕದ ಕೀಲಿಯಲ್ಲಿದೆ.

ಯಾವುದಾದರೂ ಹೆಸರು ಸೂತ್ರಕ್ಕೆ ಬಗ್ಗದಿದ್ದರೆ ಊಹೆ ಮಾಡಬೇಡಿ. 1956ರ ಅಧಿಕೃತ ನಿಯಮಾವಳಿಗಿಂತ ಭಾಷಾವಿಜ್ಞಾನಿ ಲಪಾತಿನ್ ಸಂಪಾದಕತ್ವದ 2006ರ ಅಕಾಡೆಮಿ ಕೈಪಿಡಿಯಲ್ಲಿ ಕ್ಯಾಪಿಟಲ್ ಬಗ್ಗೆ ಹೆಚ್ಚು ವಿವರವಿದೆ. ಒಂದೇ ಪದ ನೋಡಬೇಕಿದ್ದರೆ ಗ್ರಾಮತಾ ಡಾಟ್ ಆರ್‌ಯು ಜಾಲತಾಣದ ಕಾಗುಣಿತ ನಿಘಂಟಿನಲ್ಲಿ ಪೂರ್ತಿ ಹೆಸರನ್ನು ಟೈಪ್ ಮಾಡಿ. ಹುಡುಕು ಯಂತ್ರದಲ್ಲಿ ಯಾವ ರೂಪಕ್ಕೆ ಹೆಚ್ಚು ಫಲಿತಾಂಶ ಬಂತೆಂದು ಎಣಿಸಿ ನಿರ್ಧರಿಸುವುದು ಬೇಡ, ದೊಡ್ಡ ಸಣ್ಣ ಅಕ್ಷರಗಳ ನಡುವೆ ಅದು ಸಾಮಾನ್ಯವಾಗಿ ಭೇದ ಮಾಡುವುದಿಲ್ಲ.